ರೇಷನ್ ಕಾರ್ಡಿನೊಳಗಿನ ಕೆಸರು

ಇವತ್ತು ಜೆರಾಕ್ಸ್ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದವರು ನರಗುಂದದ ಕಡೆಯವರು. ಮಗನ ಮನೆಗೆ ಅಂತ ಬೆಂಗಳೂರಿಗೆ ಬಂದಿದ್ದರಂತೆ. ಕೈಯಲ್ಲಿದ್ದ ರೇಷನ್ ಕಾರ್ಡ್ ನೋಡಿದೆ. ಲ್ಯಾಮಿನೇಷನ್ ಒಳಗೆ, ಒಂದು ಮೂಲೆಯಲ್ಲಿ, ಕಂದು ಕೆಸರು ಹಾಗೇ ಒಣಗಿ ಕೂತಿತ್ತು.

"ಹೊಳಿ ಬಂದಾಗಿಂದ್ರೀ ಅದು" ಅಂದರು.

2019ರ ಆಗಸ್ಟ್. ಮಲಪ್ರಭಾ ಊರೊಳಗೇ ನುಗ್ಗಿದ ವರ್ಷ. ತಕ್ಷಣಕ್ಕೆ 10 ಸಾವಿರ, ಮನೆ ಪೂರ್ತಿ ಬಿದ್ದಿದ್ದರೆ 5 ಲಕ್ಷ ಅಂತ ಸರ್ಕಾರ ಹೇಳಿತ್ತು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಮನೆ ನಿಮ್ಮದೇ ಅನ್ನೋಕೆ ಕಾಗದ ಬೇಕು. ಕಾಗದ ಇದ್ದದ್ದು ಆ ಬಿದ್ದ ಮನೆಯ ಟ್ರಂಕಿನಲ್ಲಿ! ಇನ್ನು ಬಾಡಿಗೆಗೆ ಇದ್ದವರು, ಪಾಲಾಗದೆ ಒಂದೇ ಸೂರಿನಡಿ ಇದ್ದ ಅಣ್ಣತಮ್ಮಂದಿರು... ಅವರ ಪಾಡು ಕೇಳಲೇಬೇಡಿ.

ನಾವೆಲ್ಲ ಆಗ ಲಾರಿಗಟ್ಟಲೆ ಚಾದರ, ಬಿಸ್ಕೆಟ್, ನೀರಿನ ಬಾಟಲಿ ಕಳಿಸಿದ್ದೆವು. ಬೇಕಿತ್ತು, ಇಲ್ಲ ಅನ್ನಲ್ಲ. ಆದರೆ ಗಂಜಿ ಕೇಂದ್ರದಲ್ಲಿ ಒಂದು ಟೇಬಲ್ ಹಾಕಿಕೊಂಡು, ಅರ್ಜಿ ಬರೆದುಕೊಟ್ಟು, ನೆಂದ ಕಾಗದ ಒಣಗಿಸಿ ಫೋಟೋ ತೆಗೆದುಕೊಡೋರು ಸಿಕ್ಕಿದ್ದರೆ ಆ ಜನಕ್ಕೆ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತಿತ್ತೇನೋ.

ಫಾರಂ ತುಂಬೋಕೆ ಬರೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀವಿ. ನಾಲ್ಕು ದಿನ ರಜಾ ಹಾಕಬೇಕು, ಅಷ್ಟೇ.