ನಾಳೆ ಬಾ

ಇಂದು ಬೆಳಿಗ್ಗೆ ಮಗಳ ಜಿಆರ್‌ಇ (ವಿದೇಶದಲ್ಲಿ ಉನ್ನತ ವ್ಯಾಸಂಗಕ್ಕೆ ಬರೆಯುವ ಪ್ರವೇಶ ಪರೀಕ್ಷೆ) ಪದಪಟ್ಟಿಯನ್ನು ತಿರುವಿಹಾಕುತ್ತಿದ್ದಾಗ, ‘ಪ್ರೊಕ್ರಾಸ್ಟಿನೇಟ್’ (ಕೆಲಸವನ್ನು ಮುಂದೂಡುತ್ತಾ ಹೋಗುವುದು) ಎಂಬ ಪದದ ಎದುರು ಅವಳು ಪೆನ್ಸಿಲಿನಲ್ಲಿ ‘ನಾಳೆ ಬಾ’ ಎಂದು ಬರೆದುಕೊಂಡಿರುವುದು ಕಣ್ಣಿಗೆ ಬಿತ್ತು.

ತಮಾಷೆಗೆ ಬರೆದಿರಬೇಕೆಂದುಕೊಂಡು ನಿಘಂಟು ತೆಗೆದು ನೋಡಿದರೆ, ಆ ಪದದ ಹೊಟ್ಟೆಯಲ್ಲಿ ಅಡಗಿರುವುದು ಲ್ಯಾಟಿನ್ನಿನ ‘ಕ್ರಾಸ್’, ಅಂದರೆ ಸಾಕ್ಷಾತ್ ನಾಳೆಯೇ. ದೆವ್ವ ಒಳಗೆ ಬಾರದಿರಲೆಂದು ನಮ್ಮ ಬೀದಿಯ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ಗೀಚುತ್ತಿದ್ದ ಎರಡು ಪದಗಳು ಇಂಗ್ಲಿಷ್ ಕಲಿಕೆಗೆ ಒದಗಿಬಂದಾವೆಂದು ನಾನು ಎಣಿಸಿರಲಿಲ್ಲ. ಹತ್ತು ಸಲ ಉರು ಹೊಡೆದರೂ ನಾಲಿಗೆಗೆ ಹತ್ತದ ಪದವು, ಬೇರಿನ ಸಮೇತ ಸಿಕ್ಕರೆ ಒಂದೇ ಸಲಕ್ಕೆ ನೆಲೆಯೂರಿಬಿಡುತ್ತದೆ; ನನ್ನ ಮಟ್ಟಿಗಂತೂ ಹಾಗೆಯೇ ಆಗಿದೆ.

ಹಾಗೆಯೇ ಹುಡುಕುತ್ತಾ ಹೋದಾಗ ‘ಪೆರೆಂಡಿನೇಟ್’ ಎಂಬ ಅಪರೂಪದ ಪದವೂ ಸಿಕ್ಕಿತು: ನಾಳಿದ್ದಿಗೆ ಮುಂದೂಡುವುದು ಎಂದು ಅದರ ಅರ್ಥ. ನಮ್ಮ ‘ನಾಳಿದ್ದು’ ಎಂಬ ಒಂದೇ ಮಾತಿಗೆ ಇಂದಿನ ಇಂಗ್ಲಿಷಿನಲ್ಲಿ ನಾಲ್ಕು ಪದಗಳನ್ನು ಪೋಣಿಸಬೇಕು (ಈ ಒಂದು ವಿಷಯದಲ್ಲಾದರೂ ನಾವೇ ಸಿರಿವಂತರು).

ಪಟ್ಟಿಯ ಉಳಿದ ಪುಟಗಳನ್ನು ಯಾವಾಗ ಓದುತ್ತೀಯಮ್ಮಾ ಎಂದು ಕೇಳಿದ್ದಕ್ಕೆ, ತಲೆ ಎತ್ತದೆಯೇ ‘ನಾಳಿದ್ದು, ಅಪ್ಪಾ’ ಎಂದಳು.