ಡಿಸೆಂಬರ್ ಮಳೆಯಲ್ಲಿ ಬೈಕಿನಲ್ಲಿ ಊಟಿ: ಹೋಗಬಹುದಾ, ಹೋದರೆ ಹೇಗೆ?

ಚಳಿಗಾಲದ ಮಳೆಯಲ್ಲಿ ಬೈಕ್ ಓಡಿಸೋದು ಖುಷಿ ಕೊಡುತ್ತಾ ಅಂತ ತುಂಬಾ ಜನ ಕೇಳಿದ್ದಾರೆ. ಕೈ ಒದ್ದೆಯಾಗದಿದ್ದರೆ ಖಂಡಿತ ಕೊಡುತ್ತದೆ. ಕೈ ಒದ್ದೆಯಾದ ಮೇಲೆ ಅರ್ಧ ಗಂಟೆಯೂ ಕೊಡುವುದಿಲ್ಲ. ಕಳೆದ ಡಿಸೆಂಬರ್ ಮೊದಲ ವಾರ ಮೈಸೂರಿನಿಂದ ಊಟಿಗೆ ಹೋಗಿ ಬಂದ ಮೂರು ದಿನಗಳಲ್ಲಿ ಎರಡನ್ನೂ ಅನುಭವಿಸಿದೆ. ಅದೇ ದಾರಿ ಹಿಡಿಯುವ ಯೋಚನೆ ಇರುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಹೋಗಿದ್ದು ಇಬ್ಬರು. ನಾನು ನನ್ನ ಹಳೆಯ ಯೂನಿಕಾರ್ನ್‌ನಲ್ಲಿ, ಅಕ್ಕನ ಗಂಡ ಅವರ ಕ್ಲಾಸಿಕ್ 350ಯಲ್ಲಿ. ಭಾವನಿಗೆ ಮಲೆನಾಡಿನ ಮಳೆಯಲ್ಲಿ ಗಾಡಿ ಓಡಿಸಿ ಅಭ್ಯಾಸ. ನನಗೆ ಚಳಿ ಗೊತ್ತು, ಮಳೆಯೂ ಗೊತ್ತು. ಎರಡೂ ಒಟ್ಟಿಗೆ ಸಿಕ್ಕಿದ್ದು ಇದೇ ಮೊದಲು.

ಮೊದಲು ಅಲ್ಲಿನ ಮಳೆಯ ಲೆಕ್ಕ ತಿಳಿದುಕೊಳ್ಳಬೇಕು. ನಮ್ಮ ಕೊಡಗು, ಚಿಕ್ಕಮಗಳೂರಿಗೆ ಡಿಸೆಂಬರ್ ಅಂದರೆ ಸಾಮಾನ್ಯವಾಗಿ ಒಣ ಚಳಿ. ನೀಲಗಿರಿ ಹಾಗಲ್ಲ. ಗೂಡಲೂರಿನ ಕಡೆ ಜೂನ್‌ನಿಂದ ಸುರಿಯುವ ಮುಂಗಾರೇ ಮುಖ್ಯ. ಬೆಟ್ಟದ ಆಚೆ ಇರುವ ಕುನೂರು, ಕೋಟಗಿರಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಜೋರು. ಊಟಿ ಇವೆರಡರ ನಡುವೆ ಕೂತಿದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಸಾಕು, ಆ ಕಡೆಯಿಂದ ಮೋಡ ಬಂದು ಕೂರುತ್ತದೆ. 2022ರ ಮಾಂಡೌಸ್, 2024ರ ಫೆಂಗಲ್ ಚಂಡಮಾರುತಗಳು ಬಂದಾಗ ಬೆಂಗಳೂರಿನಲ್ಲೇ ಹಗಲು ಹೊತ್ತು ಸ್ವೆಟರ್ ಹಾಕಿಕೊಂಡಿದ್ದು ನೆನಪಿರಬಹುದು. ಅಂಥ ಮೋಡದೊಳಗೆ, 2,240 ಮೀಟರ್ ಎತ್ತರದಲ್ಲಿ, ಬೈಕಿನ ಮೇಲೆ ಕೂತಿರುವುದನ್ನು ಊಹಿಸಿಕೊಳ್ಳಿ.

ಹವಾಮಾನ ಇಲಾಖೆ ನೀಲಗಿರಿಗೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟಿದ್ದರೆ ಹೋಗಬೇಡಿ. ಅಲ್ಲಿ ಗುಡ್ಡದ ಮಣ್ಣು ರಸ್ತೆಗೆ ಜಾರುತ್ತದೆ, ಮರ ಬೀಳುತ್ತದೆ. ನಾನು ಹೇಳುತ್ತಿರುವುದೆಲ್ಲ ಜಿಟಿಜಿಟಿ ಮಳೆಯ ದಿನಗಳಿಗೆ ಮಾತ್ರ.

ಹೊರಟಿದ್ದು ಬೆಳಿಗ್ಗೆ ಏಳು ಗಂಟೆಗೆ. ಬೆಂಗಳೂರಿನಿಂದ ಬರುವವರಿಗೆ ಒಂದು ಮಾತು. ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕಿಗೆ ಅವಕಾಶ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಅದಕ್ಕೆ ಸಮಯ ಜಾಸ್ತಿ ಹಿಡಿಯುತ್ತದೆ. ಹಿಂದಿನ ದಿನವೇ ಮೈಸೂರಿಗೆ ಬಂದು ಮಲಗಿದರೆ ಒಳ್ಳೆಯದು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಪದ್ಧತಿ ಬಂದಿದೆ. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ.

ನಂಜನಗೂಡು, ಗುಂಡ್ಲುಪೇಟೆಯವರೆಗೆ ಹೇಳುವಂಥದ್ದು ಏನಿಲ್ಲ. ಮೋಡ ಇತ್ತು, ಮಳೆ ಇರಲಿಲ್ಲ. ಗುಂಡ್ಲುಪೇಟೆಯಲ್ಲಿ ಬಿಸಿ ಇಡ್ಲಿ ತಿಂದೆವು. ಇಲ್ಲೇ ಹೊಟ್ಟೆ ತುಂಬಾ ತಿನ್ನಿ. ಖಾಲಿ ಹೊಟ್ಟೆಗೆ ಚಳಿ ಬೇಗ ಹತ್ತುತ್ತದೆ. ಕಾಡಿನ ಒಳಗೆ ಗಾಡಿ ನಿಲ್ಲಿಸುವ ಹಾಗಿಲ್ಲ. ಹಾಗಾಗಿ ರೇನ್‌ಕೋಟನ್ನು ಬಂಡೀಪುರದ ಗೇಟಿಗೂ ಮುಂಚೆಯೇ ಹಾಕಿಕೊಳ್ಳಿ. ಒಳಗೆ ಮಳೆ ಹಿಡಿದುಕೊಂಡರೆ ಆನೆ ದಾಟುವ ಜಾಗದಲ್ಲಿ ನಿಂತು ಬ್ಯಾಗ್ ಬಿಚ್ಚೋದು ಆಗುವ ಮಾತಲ್ಲ.

ಬಂಡೀಪುರ ದಾಟಿದ ಮೇಲೆ ಸಿಗುವ ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಮಸಿನಗುಡಿ, ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವು. ಹತ್ತಿರದ ದಾರಿ, ಆದರೆ ತುಂಬಾ ಕಡಿದು. ಹೊರಗಿನ ಗಾಡಿಗಳನ್ನು ಆ ಘಾಟಿಯಲ್ಲಿ ಕೆಳಗಿಳಿಯಲು ಬಿಡುವುದೂ ಇಲ್ಲ. ಒದ್ದೆ ರಸ್ತೆಯಲ್ಲಿ ಅದು ಬೇಡ. ಬಲಕ್ಕೆ ಗೂಡಲೂರಿನ ದಾರಿ ಹಿಡಿಯಿರಿ. ಸುತ್ತು ಜಾಸ್ತಿ, ಆದರೆ ರಸ್ತೆ ಅಗಲ, ತಿರುವು ಸಲೀಸು, ಮಧ್ಯೆ ಮಧ್ಯೆ ಟೀ ಅಂಗಡಿ ಇದೆ. ಆ ಟೀ ಅಂಗಡಿಗಳೇ ನಮ್ಮನ್ನು ಕಾಪಾಡಿದವು.

ಗೂಡಲೂರಿನಿಂದ ಊಟಿಗೆ ಸುಮಾರು 50 ಕಿಲೋಮೀಟರ್. ಅಷ್ಟರಲ್ಲಿ 1,200 ಮೀಟರ್‌ನಷ್ಟು ಮೇಲೆ ಏರುತ್ತೀರಿ. ಸಾವಿರ ಮೀಟರಿಗೆ ಆರು ಡಿಗ್ರಿ ಇಳಿಯುತ್ತದೆ ಅಂತ ಇಟ್ಟುಕೊಂಡರೂ ಗೂಡಲೂರಿನಲ್ಲಿ 19 ಡಿಗ್ರಿ ಇದ್ದದ್ದು ಊಟಿಯಲ್ಲಿ 12. ನಡುವಟ್ಟಂ ತಲುಪುವವರೆಗೆ ನಾನು ಪೂರ್ತಿ ಖುಷಿಯಲ್ಲಿದ್ದೆ. ಟೀ ತೋಟದ ಮೇಲೆ ಮಂಜು ಹರಿದಾಡುತ್ತಿತ್ತು. ನೀಲಗಿರಿ ಮರಗಳ ಎಣ್ಣೆ ವಾಸನೆ ಹೆಲ್ಮೆಟ್ಟಿನೊಳಗೂ ಬರುತ್ತಿತ್ತು. ರಸ್ತೆಯಲ್ಲಿ ಜನ ಕಡಿಮೆ. ಮೇ ತಿಂಗಳಲ್ಲಿ ಇದೇ ರಸ್ತೆಯಲ್ಲಿ ಕಾರಿನ ಹೊಗೆ ಕುಡಿದು ಹೋದವರಿಗೆ ಆ ನಿಶ್ಶಬ್ದದ ಬೆಲೆ ಗೊತ್ತಾಗುತ್ತದೆ. ಒಣಗಿದ ಬಟ್ಟೆಯೊಳಗೆ ಮೈ ಬೆಚ್ಚಗಿದ್ದು, ಮುಖಕ್ಕೆ ಮಾತ್ರ ಚಳಿ ತಾಕುವುದಿದೆಯಲ್ಲ, ಅಂಥ ಸುಖ ಬೇಸಿಗೆಯ ಬೈಕ್ ಸವಾರಿಯಲ್ಲಿ ಸಿಗಲ್ಲ.

ಪೈಕಾರ ದಾಟುತ್ತಿದ್ದಂತೆ ಮಳೆ ಶುರುವಾಯಿತು. ದಪ್ಪ ಹನಿಯಲ್ಲ, ಸೋನೆ. ಮೈಸೂರಿನ ಒಂದು ಅಂಗಡಿಯಲ್ಲಿ ‘ನೀರು ಒಂದು ಹನಿ ಒಳಗೆ ಬರಲ್ಲ ಸಾರ್’ ಅಂತ ಕೊಟ್ಟಿದ್ದ ಗ್ಲೌಸ್ ಹಾಕಿದ್ದೆ. ಹತ್ತು ನಿಮಿಷಕ್ಕೆ ಹೊಲಿಗೆಯಿಂದ ನೀರು ಬಂತು. ಆಮೇಲೆ ಒಳಗಿನ ಸ್ಪಂಜು ನೀರು ಹಿಡಿದುಕೊಂಡು ಬೆರಳಿಗೆ ಐಸ್ ಕಟ್ಟಿದ ಹಾಗಾಯಿತು. ಮೊದಲು ನೋವು, ಆಮೇಲೆ ಉರಿ, ಆಮೇಲೆ ಏನೂ ಇಲ್ಲ. ಈ ‘ಏನೂ ಇಲ್ಲ’ ಅನ್ನೋದೇ ಅಪಾಯ. ಬ್ರೇಕ್ ಹಿಡಿದಿದ್ದೇನೋ ಇಲ್ಲವೋ ಅಂತ ಬೆರಳಿಗೆ ಗೊತ್ತಾಗುತ್ತಿರಲಿಲ್ಲ, ಕಣ್ಣಲ್ಲಿ ನೋಡಬೇಕಾಯಿತು. ಒಂದು ತಿರುವಿನಲ್ಲಿ ಬೇಕಾದ್ದಕ್ಕಿಂತ ಗಟ್ಟಿಯಾಗಿ ಹಿಡಿದುಬಿಟ್ಟೆ. ಮುಂದಿನ ಚಕ್ರ ಒಂದು ಗೇಣು ಜಾರಿ ಮತ್ತೆ ನಿಂತಿತು. ಎದುರಿಗೆ ಬಸ್ ಇರಲಿಲ್ಲ, ಅಷ್ಟೇ.

ಭಾವ ಹಿಂದಿನಿಂದ ಹಾರ್ನ್ ಹೊಡೆದು ನಿಲ್ಲಿಸಿದರು.

‘ಏನಾಯ್ತೋ?’

‘ಕೈ ಮರಗಟ್ಟಿದೆ ಭಾವ. ಇನ್ನು ಸ್ವಲ್ಪ ದೂರ ತಾನೇ, ಹೋಗಿಬಿಡೋಣ.’

‘ಬೇಡ. ಮೊದಲು ಕೈ ಕಂಕುಳಿಗೆ ಇಟ್ಕೊ. ಊಟಿ ಎಲ್ಲೂ ಓಡಿ ಹೋಗಲ್ಲ.’

ಹದಿನೈದು ನಿಮಿಷ ಒಂದು ಅಂಗಡಿಯ ಸೂರಿನ ಕೆಳಗೆ ನಿಂತೆವು. ಬಿಸಿ ಟೀ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು, ಅದಕ್ಕೆ ವರ್ಕಿ ಅನ್ನುವ ಬಿಸ್ಕತ್ತು ಅದ್ದಿಕೊಂಡು ತಿಂದೆ. ಊಟಿಯ ವರ್ಕಿ ಪದರ ಪದರವಾಗಿ ಗರಿಗರಿಯಾಗಿರುತ್ತದೆ, ಆ ಹೊತ್ತಿಗೆ ಅದಕ್ಕಿಂತ ರುಚಿ ಬೇರೆ ಇರಲಿಲ್ಲ. ಆಮೇಲೆ ಭಾವ ತಮ್ಮ ಬ್ಯಾಗಿನಿಂದ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ತೆಗೆದುಕೊಟ್ಟರು. ಒಳಗೆ ತೆಳುವಾದ ಉಲ್ಲನ್ ಗ್ಲೌಸ್, ಮೇಲೆ ರಬ್ಬರ್ ಗ್ಲೌಸ್. ಅವರದು ಹೊರಟಾಗಿನಿಂದ ಅದೇ ವ್ಯವಸ್ಥೆ. ಊಟಿವರೆಗೂ ಕೈಗೆ ಒಂದು ಹನಿ ಬೀಳಲಿಲ್ಲ. ದುಬಾರಿ ಗ್ಲೌಸ್ ಇದ್ದರೂ ಇದೊಂದು ಜೊತೆ ಇಟ್ಟುಕೊಳ್ಳಿ. ಒಂದು ಅಳತೆ ದೊಡ್ಡದು ತಗೊಳ್ಳಿ, ಇಲ್ಲದಿದ್ದರೆ ಬೆರಳು ಬಿಗಿದು ರಕ್ತ ಓಡಲ್ಲ. ರೇನ್‌ಕೋಟಿನ ತೋಳು ಗ್ಲೌಸಿನ ಮೇಲೆ ಬರಬೇಕು. ಒಳಗೆ ಸಿಕ್ಕಿಸಿದರೆ ತೋಳಿನ ಮೇಲೆ ಹರಿದ ನೀರೆಲ್ಲ ನೇರವಾಗಿ ಕೈಗೇ ಬರುತ್ತದೆ.

ಚಳಿ ಇಷ್ಟು ಕಚ್ಚುವುದಕ್ಕೆ ಕಾರಣ ಗಾಳಿ. ಗಾಳಿ ತಾಕಿದಾಗ ಎಷ್ಟು ಚಳಿ ಅನ್ನಿಸುತ್ತದೆ ಅಂತ ಲೆಕ್ಕ ಹಾಕುವ ಒಂದು ಸೂತ್ರ ಇದೆ. ಅದರ ಪ್ರಕಾರ 10 ಡಿಗ್ರಿಯಲ್ಲಿ 50 ಕಿಲೋಮೀಟರ್ ವೇಗದಲ್ಲಿ ಹೋದರೆ ಬರೀ ಚರ್ಮಕ್ಕೆ 5 ಡಿಗ್ರಿಯಂತೆ ಅನ್ನಿಸುತ್ತದೆ. ಇದು ಒಣ ಗಾಳಿಯ ಲೆಕ್ಕ. ಒದ್ದೆ ಬಟ್ಟೆ ಮೈಗೆ ಅಂಟಿದರೆ ಮೈಯ ಬಿಸಿ ಇನ್ನೂ ಬೇಗ ಹೋಗುತ್ತದೆ. ಆದ್ದರಿಂದ ಜೀನ್ಸ್ ಬೇಡವೇ ಬೇಡ. ಒಮ್ಮೆ ನೆನೆದರೆ ಊಟಿಯಲ್ಲಿ ಎರಡು ದಿನಕ್ಕೂ ಒಣಗಲ್ಲ. ಮೈಗೆ ತಾಗಿ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಉಲ್ಲನ್ ಸ್ವೆಟರ್, ಅದರ ಮೇಲೆ ಜರ್ಕಿನ್, ಎಲ್ಲಕ್ಕೂ ಮೇಲೆ ರೇನ್‌ಕೋಟ್. ಮಳೆ ಇಲ್ಲದಿದ್ದರೂ ರೇನ್‌ಕೋಟ್ ತೆಗೆಯಬೇಡಿ, ಗಾಳಿ ತಡೆಯುವುದು ಅದೇ. ಎದೆಗೆ ಜಾಸ್ತಿ ಚಳಿ ಆದರೆ ಸ್ವೆಟರಿಗೂ ಜರ್ಕಿನ್ನಿಗೂ ನಡುವೆ ಮಡಚಿದ ದಿನಪತ್ರಿಕೆ ಇಟ್ಟುಕೊಳ್ಳಿ. ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ. ಕಾಲ್ಚೀಲದ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳುವುದು ನಮ್ಮಲ್ಲಿ ರೂಢಿ. ಆದರೆ ನೀಲಗಿರಿಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧ ಇದೆ, ನೀರಿನ ಬಾಟಲಿಗೂ ಸಹ. ಗಡಿಯಲ್ಲಿ ತಪಾಸಣೆ ಮಾಡುತ್ತಾರೆ. ಸುಮ್ನೆ ಒಂದು ಜೊತೆ ಗಮ್‌ಬೂಟ್ ಹಾಕಿಕೊಂಡು ಹೋಗಿ. ನೀರಿಗೆ ಸ್ಟೀಲ್ ಫ್ಲಾಸ್ಕ್ ಇರಲಿ. ಬಿಸಿನೀರು ತುಂಬಿಸಿಕೊಂಡರೆ ದಾರಿಯಲ್ಲಿ ಕೈಗೂ ಆಗುತ್ತದೆ, ಕುಡಿಯುವುದಕ್ಕೂ ಆಗುತ್ತದೆ.

ಹೆಲ್ಮೆಟ್ ಗ್ಲಾಸ್ ಉಸಿರಿಗೆ ಮಬ್ಬಾಗುವುದು ಇನ್ನೊಂದು ಕಾಟ. ಹೊರಡುವ ಮುಂಚೆ ಒಳಗಡೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಸವರಿ, ಮೆತ್ತನೆ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಒಂದೆರಡು ಗಂಟೆ ತಡೆಯುತ್ತದೆ. ಮುಖಕ್ಕೆ ಕಟ್ಟಿದ ಬಟ್ಟೆ ಮೂಗಿನ ಕೆಳಗಿರಲಿ. ಕಪ್ಪು ಗ್ಲಾಸ್ ಇರುವ ಹೆಲ್ಮೆಟ್ ಮನೆಯಲ್ಲೇ ಬಿಡಿ. ಮಂಜಿನಲ್ಲಿ ಮಧ್ಯಾಹ್ನ ಮೂರಕ್ಕೇ ಸಂಜೆಯಾದಂತೆ ಇರುತ್ತದೆ.

ಎರಡನೇ ದಿನ ಕುನೂರು, ಕೋಟಗಿರಿ ಸುತ್ತು. ಊಟಿಯಲ್ಲಿ ಸೋನೆ ಇದ್ದದ್ದು ಕುನೂರಿನಲ್ಲಿ ಸರಿಯಾದ ಮಳೆಯಾಯಿತು. ಹಿಂಗಾರಿನ ದಿಕ್ಕಿಗೆ ಮುಖ ಮಾಡಿ ಹೋಗಿದ್ದೆವು, ಇನ್ನೇನಾಗುತ್ತದೆ? ಕೈ ಬೆಚ್ಚಗಿತ್ತು, ಅದಕ್ಕೇ ಆ ದಿನವನ್ನು ನಾನು ಮರೆಯಲ್ಲ. ಕೋಟಗಿರಿ ಹತ್ತಿರದ ಟೀ ಅಂಗಡಿಯಲ್ಲಿ ನೀಲಗಿರಿಯ ಬಡಗ ಸಮುದಾಯದ ಹಿರಿಯರೊಬ್ಬರು ಸಿಕ್ಕಿದರು. ಅವರ ಮಾತು ಕನ್ನಡಕ್ಕೆ ಎಷ್ಟು ಹತ್ತಿರ ಅಂದರೆ ನಿಧಾನವಾಗಿ ಹೇಳಿದ್ದು ಮುಕ್ಕಾಲು ಪಾಲು ಅರ್ಥವಾಯಿತು. ಬೇರಗಣಿ ಅನ್ನುವ ಊರಿನಲ್ಲಿ ನಡೆಯುವ, ತಮ್ಮ ದೇವತೆ ಹೆತ್ತೆಯ ಹಬ್ಬದ ಬಗ್ಗೆ ಹೇಳಿದರು. ಮಳೆ ನಿಲ್ಲುವವರೆಗೆ ಕೂತು ಕೇಳಿದೆವು. ಬಿಸಿಲಿದ್ದಿದ್ದರೆ ಆ ಅಂಗಡಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ.

ರಾತ್ರಿ ರೂಮಿನ ವಿಷಯ. ಊಟಿಯ ಎಷ್ಟೋ ರೂಮುಗಳಲ್ಲಿ ಫ್ಯಾನ್ ಇರಲ್ಲ, ಬಟ್ಟೆ ಒಣಗಲ್ಲ. ಬುಕ್ ಮಾಡುವಾಗಲೇ ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ಕರೆಂಟ್ ಹೀಟರ್ ಕೊಡುತ್ತಾರಾ ಅಂತ ಕೇಳಿ. ಒದ್ದೆ ಶೂ ಒಳಗೆ ಹಳೆ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಾಯಿಸಿ. ಕೆಂಡದ ಒಲೆಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಿದ ರೂಮಿನೊಳಗೆ ಇಟ್ಟುಕೊಂಡು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಚಳಿಗೆ ಅಂತ ಮದ್ಯ ಕುಡಿಯುವುದೂ ತಪ್ಪು. ಬೆಚ್ಚಗಾದಂತೆ ಅನ್ನಿಸುತ್ತದೆ ಅಷ್ಟೇ, ಮೈಯ ಬಿಸಿ ಚರ್ಮಕ್ಕೆ ಬಂದು ಹೊರಗೆ ಹೋಗುತ್ತದೆ.

ಊಟಿಯ ಚಳಿ ಶೂನ್ಯಕ್ಕೆ ಇಳಿಯುತ್ತದೆ ಅಂತ ಕೇಳಿ ಹೆದರಿದವರು ಇದ್ದಾರೆ. ಹುಲ್ಲಿನ ಮೇಲೆ ಹಿಮ ಕಟ್ಟುವುದು ಆಕಾಶ ತಿಳಿಯಾಗಿರುವ ರಾತ್ರಿಗಳಲ್ಲಿ, ಹೆಚ್ಚಾಗಿ ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ. ಮೋಡ ಇರುವ ರಾತ್ರಿ ಅಷ್ಟು ಇಳಿಯಲ್ಲ. ಆದರೂ ಮೈ ಜಾಸ್ತಿ ನಡುಗಿಸಿದ್ದು ಈ ಒದ್ದೆ ಚಳಿಯೇ. ಜೊತೆಯವರು ನಡುಗುತ್ತಾ ಮಾತು ತೊದಲುತ್ತಿದ್ದರೆ, ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಡುತ್ತಿದ್ದರೆ, ಆ ದಿನ ಅವರ ಕೈಗೆ ಗಾಡಿ ಕೊಡಬೇಡಿ. ಅಂದು ‘ಹೋಗಿಬಿಡೋಣ’ ಅಂದಿದ್ದು ನಾನಲ್ಲ, ಆ ಚಳಿ ಅಂತ ಈಗ ಅನ್ನಿಸುತ್ತದೆ.

ಮೂರನೇ ದಿನ ಇಳಿದಿದ್ದು ಬೆಳಿಗ್ಗೆ ಒಂಬತ್ತೂವರೆಗೆ. ಅದಕ್ಕಿಂತ ಬೇಗ ಬೇಡ, ಸ್ವಲ್ಪ ಬೆಳಕು ಬಿಡಲಿ. ಚೋಕ್ ಎಳೆದು ಸ್ಟಾರ್ಟ್ ಮಾಡಿ ಒಂದೆರಡು ನಿಮಿಷ ಬಿಟ್ಟೆ. ಟೈರ್ ಇನ್ನೂ ತಣ್ಣಗಿರುತ್ತದೆ, ಮೊದಲ ಐದಾರು ಕಿಲೋಮೀಟರ್ ಹಿಡಿತ ಕಡಿಮೆ. ಇಳಿಜಾರಿನಲ್ಲಿ ಎರಡನೇ ಗೇರು, ಕ್ಲಚ್ ಹಿಡಿಯದೆ ಇಂಜಿನ್ನಿನ ತಡೆಯಲ್ಲೇ ಇಳಿಯಬೇಕು. ಬ್ರೇಕ್ ತಿರುವಿಗೆ ಮುಂಚೆ, ತಿರುವಿನೊಳಗಲ್ಲ. ರಸ್ತೆಗೆ ಬಳಿದ ಬಿಳಿ ಪಟ್ಟಿ, ಬಿದ್ದ ನೀಲಗಿರಿ ಎಲೆ, ಬಸ್ ಸ್ಟಾಪಿನ ಬಳಿ ಸೋರಿದ ಡೀಸೆಲ್, ಸೆಗಣಿ: ಈ ನಾಲ್ಕೂ ನೀರು ಬಿದ್ದರೆ ಸೋಪಿನಂತೆ. ಹತ್ತುವ ಗಾಡಿಗೆ ದಾರಿ ಬಿಡಿ. ಟೈರಿನ ಗ್ರಿಪ್ ಸವೆದಿದ್ದರೆ ಈ ಪ್ರವಾಸವನ್ನೇ ಮುಂದಕ್ಕೆ ಹಾಕಿ.

ನನ್ನ ಲೆಕ್ಕದಲ್ಲಿ ದಿನಕ್ಕೆ ಮೂರು ಗಂಟೆ ಒದ್ದೆ ಸವಾರಿ ಸಾಕು, ಅದೂ 45 ನಿಮಿಷಕ್ಕೊಮ್ಮೆ ನಿಂತು. ಒಂದೇ ದಿನದಲ್ಲಿ ಬೆಂಗಳೂರಿನಿಂದ ಊಟಿ ಮುಟ್ಟಬೇಕು ಅನ್ನುವವರಿಗೆ, ಹಿಂದೆ ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಹಿಂದೆ ಕೂತವರಿಗೆ ಕೈಕಾಲು ಆಡಿಸುವ ಕೆಲಸವೇ ಇಲ್ಲ, ಅವರಿಗೇ ಮೊದಲು ಚಳಿ ಹತ್ತುವುದು. ಮೂರು ದಿನ ಬಿಡುವು, ಒಂದು ಬೆಚ್ಚನೆ ರೂಮು, ಒಳ್ಳೆಯ ಟೈರು, ನಿಲ್ಲು ಅಂದರೆ ನಿಲ್ಲುವ ಜೊತೆಗಾರ ಇದ್ದರೆ ಧೈರ್ಯವಾಗಿ ಹೋಗಿ.

ವಾಪಸ್ ಬರುವಾಗ ಬಂಡೀಪುರ ದಾಟಿದ ಮೇಲೆ ಬಿಸಿಲು ಬಂತು. ಗುಂಡ್ಲುಪೇಟೆಯಲ್ಲಿ ಗಾಡಿ ನಿಲ್ಲಿಸಿ ರೇನ್‌ಕೋಟ್ ಬಿಚ್ಚಿ ಸೀಟಿನ ಮೇಲೆ ಹರಡಿದೆವು. ಮನೆಗೆ ಬಂದ ಮಾರನೇ ದಿನವೇ ಚೈನ್ ತೊಳೆದು ಎಣ್ಣೆ ಹಾಕಿ, ಇಲ್ಲದಿದ್ದರೆ ಎರಡೇ ದಿನಕ್ಕೆ ತುಕ್ಕು ಕೂರುತ್ತದೆ. ನನ್ನ ಗಾಡಿಯ ಹಿಂದಿನ ಡ್ರಮ್ ಬ್ರೇಕಿನಲ್ಲಿ ಕೆಸರು ಸೇರಿ ಕಿರ್ ಅನ್ನುತ್ತಿತ್ತು, ಮೆಕ್ಯಾನಿಕ್ ಬಿಚ್ಚಿ ಒರೆಸಿಕೊಟ್ಟ. ರಬ್ಬರ್ ಗ್ಲೌಸನ್ನು ಒಳಗೆ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ ಟ್ಯಾಂಕ್ ಬ್ಯಾಗಿನಲ್ಲೇ ಇಟ್ಟಿದ್ದೇನೆ. ಭಾವ ವಾಪಸ್ ಕೇಳಿಲ್ಲ.