ಟಾರ್ನೀಟ್ ಬಡಾವಣೆ ಆಗುವ ಮುಂಚೆ

ಮೆಲ್ಬರ್ನಿನ ಪಶ್ಚಿಮಕ್ಕಿರುವ ಟಾರ್ನೀಟ್, ಟ್ರುಗನೈನಾ, ಪಾಯಿಂಟ್ ಕುಕ್ ಕಡೆ ನಮ್ಮ ದೇಶದವರು ಜಾಸ್ತಿ. ಊರಿಂದ ಬಂದ ಅಪ್ಪ ಅಮ್ಮಂದಿರು ಒಂದೇ ಅಚ್ಚಿನ ಮನೆಗಳನ್ನು ನೋಡಿ, "ಇಲ್ಲಿ ಹಳೇದು ಅಂತ ಏನೂ ಇಲ್ವಾ?" ಅಂತ ಕೇಳುತ್ತಾರೆ. ಇದೆ. ಮನೆಗಳು ಹೊಸವು, ಅಷ್ಟೇ. ಮನೆ ಕಂದಾಯ ವಸೂಲಿ ಮಾಡುವವರು ಮಾತ್ರ ಬಹಳ ಹಳಬರು!

1862ರಲ್ಲಿ ಇಲ್ಲಿ ಒಂದು ರಸ್ತೆ ಬೋರ್ಡು ಶುರುವಾಯಿತು. ಜಮೀನಿದ್ದವರಿಂದ ತೆರಿಗೆ ಎತ್ತಿ ರಸ್ತೆ, ಸೇತುವೆ ನೋಡಿಕೊಳ್ಳುವುದೇ ಅದರ ಮುಖ್ಯ ಕೆಲಸ. 1864ರಲ್ಲಿ ಅದು ವಿಂಡಂ ಶೈರ್ ಆಯಿತು. ಶೈರ್ ಅಂದರೆ ಹಳ್ಳಿಗಾಡಿನ ಕೌನ್ಸಿಲ್. ನಮ್ಮ ಹಳೇ ತಾಲ್ಲೂಕು ಬೋರ್ಡ್ ಅಂದುಕೊಳ್ಳಿ. 1909ರಲ್ಲಿ, ಇಲ್ಲಿನ ಮುಖ್ಯ ಊರಾದ ವೆರಿಬೀಯ ಹೆಸರಲ್ಲಿ, ಅದು ವೆರಿಬೀ ಶೈರ್ ಅಂತಾಯಿತು. ಆ ಕಾಲದ ಒಂದು ಪದ್ಧತಿ ಕೇಳಿ: ಆಸ್ತಿ ಜಾಸ್ತಿ ಇದ್ದವರಿಗೆ ಓಟೂ ಜಾಸ್ತಿ. ಕುರಿ ಸಾಹುಕಾರರ ಮಾತೇ ನಡೆಯುತ್ತಿತ್ತು ಅಂದರೆ ಆಶ್ಚರ್ಯವೇನಿಲ್ಲ, ಅಲ್ವಾ?

ಅಂಥ ಸಾಹುಕಾರರಲ್ಲಿ ದೊಡ್ಡ ಹೆಸರು ಚರ್ನ್‌ಸೈಡ್ ಮನೆತನದ್ದು. 1870ರ ದಶಕದಲ್ಲಿ ಅವರು ಕಟ್ಟಿಸಿದ ಅರವತ್ತು ಕೋಣೆಗಳ ಬಂಗಲೆ ವೆರಿಬೀ ಪಾರ್ಕಿನಲ್ಲಿ ಈಗಲೂ ಇದೆ. ಊರಿಂದ ಯಾರೇ ಬಂದರೂ ನಾವು ಕರೆದುಕೊಂಡು ಹೋಗುವುದು ಅಲ್ಲಿಗೇ.

ನನಗೆ ಮಾತ್ರ ಬಂಗಲೆಗಿಂತ ಅದರ ಪಕ್ಕದ ಕಥೆಯೇ ಇಷ್ಟ. ಮೆಲ್ಬರ್ನಿನ ಕೊಳಚೆ ನೀರೆಲ್ಲ 1897ರಿಂದ ಇದೇ ಶೈರಿನ ಹೊಲಗಳಿಗೆ ಬರತೊಡಗಿತು. ಆ ನೀರಿನಲ್ಲಿ ಹುಲ್ಲು ಬೆಳೆಸಿ ದನ, ಕುರಿ ಮೇಯಿಸಿದರು. ಕೆಲಸಗಾರರಿಗಾಗಿ ಕೊಕೊರಾಕ್ ಅಂತ ಊರೇ ಎದ್ದಿತು. ಅಲ್ಲಿ ಶಾಲೆ, ಈಜುಕೊಳ ಎಲ್ಲಾ ಇತ್ತು. ಈಗ ಜನವಿಲ್ಲ. ನೀರಿನ ಕಬ್ಬಿಣದ ಟ್ಯಾಂಕು, ಈಜುಕೊಳ ಉಳಿದಿವೆ. ನಗರದ ಅರ್ಧದಷ್ಟು ಕೊಳಚೆ ಇಂದಿಗೂ ಇಲ್ಲೇ ಶುದ್ಧವಾಗುತ್ತದೆ. ಅಲ್ಲಿನ ಕೆರೆಗಳಿಗೆ ಹಕ್ಕಿ ನೋಡಲು ಜನ ಕ್ಯಾಮೆರಾ ಹೊತ್ತು ಬರುತ್ತಾರೆ. ವೆರಿಬೀ ಅಂದರೆ ಮೂಗು ಮುಚ್ಚಿಕೊಳ್ಳುವ ಹಳೇ ತಮಾಷೆ ಮಾತ್ರ ಇನ್ನೂ ಹೋಗಿಲ್ಲ.

ಟ್ರುಗನೈನಾದ್ದು ಬೇರೆಯೇ ಕಥೆ. 1969ರ ಜನವರಿ 8ರಂದು ಒಣಹುಲ್ಲಿಗೆ ಬಿದ್ದ ಬೆಂಕಿ ಬಿರುಗಾಳಿಗೆ ಹಬ್ಬಿ ಆ ಪುಟ್ಟ ಹಳ್ಳಿಯನ್ನು ಸುಟ್ಟಿತು. ಶಾಲೆಯೂ ಹೋಯಿತು. ಹಳೇ ಸ್ಮಶಾನ ಉಳಿದಿದೆ. ಅಲ್ಲಲ್ಲಿ ಬಡಾವಣೆಯ ಅಂಚಿನಲ್ಲಿ ಕಲ್ಲಿನ ಗೋಡೆಗಳೂ ಇವೆ. ಹೊಲದಲ್ಲಿ ಸಿಕ್ಕ ಕಪ್ಪುಗಲ್ಲನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ, ಥೇಟ್ ನಮ್ಮ ಕರಾವಳಿಯ ಪಾಗಾರದ ಹಾಗೆ. ಸಂದಿಗಳಲ್ಲಿ ಸಣ್ಣ ಚಕ್ಕೆ ತುರುಕಿ ಬಿಗಿ ಮಾಡಿದ್ದಾರೆ. ಹತ್ತಿರ ಹೋಗಿ ನೋಡಿದರೆ ಕಲ್ಲಿನ ಮೇಲೆ ಹಳದಿ ಪಾಚಿಯ ಮಚ್ಚೆ ಕಾಣುತ್ತದೆ.

1987ರಲ್ಲಿ ಶೈರ್ ಹೋಗಿ ವೆರಿಬೀ ಸಿಟಿ ಆಯಿತು. 1994ರಲ್ಲಿ ವಿಕ್ಟೋರಿಯಾ ರಾಜ್ಯದ ಮುಖ್ಯಮಂತ್ರಿ (ಪ್ರೀಮಿಯರ್) ಜೆಫ್ ಕೆನೆಟ್ ಅವರ ಸರ್ಕಾರ ರಾಜ್ಯದ 210 ಕೌನ್ಸಿಲ್‌ಗಳನ್ನು 78ಕ್ಕೆ ಇಳಿಸುವಾಗ ಅದೂ ಹೋಗಿ ವಿಂಡಂ ಸಿಟಿ ಬಂತು. ಹಳೇ ಹೆಸರು ತಿರುಗಿ ಬಂತು ನೋಡಿ. 2021ರ ಜನಗಣತಿಯಲ್ಲಿ ಇಲ್ಲಿನ ಜನ 2,92,011.

ಕನ್ನಡದವರು ನಾಲ್ಕು ಜನ ಸೇರಿದರೆ ಮಾತು ಈಗಲೂ ರಸ್ತೆಗೇ ಬಂದು ನಿಲ್ಲುತ್ತದೆ: ಬೆಳಗಿನ ಟ್ರಾಫಿಕ್, ಇನ್ನೂ ಅಗಲವಾಗದ ದಾರಿ. ಸುಮ್ನೆ ಗೊಣಗಬೇಡಿ ಅಂತ ನಾನು ಹೇಳುವುದುಂಟು. ಇಲ್ಲಿನ ಪೌರತ್ವ ಇಲ್ಲದಿದ್ದರೂ ಮನೆಯ ರೇಟ್ಸ್, ಅಂದರೆ ಕಂದಾಯ, ಕಟ್ಟುವವರು ಅರ್ಜಿ ಹಾಕಿ ಕೌನ್ಸಿಲ್ ಚುನಾವಣೆಯಲ್ಲಿ ಓಟು ಹಾಕಬಹುದು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.